ನೀಲಿ ಜೇಡಿಯ ಮೆಟ್ಟಿಲುಗಳು

ಮೂರು ತಿಂಗಳಿಗೊಮ್ಮೆ, ಹುಣ್ಣಿಮೆಯ ಮಾರನೆಯ ಬೆಳಿಗ್ಗೆ, ನಮ್ಮೂರಲ್ಲಿ ಯಾರೂ ಒಲೆಯ ಮೇಲೆ ಹಾಲಿಡುವುದಿಲ್ಲ. ಊರಿನ ಮೂಡಣ ಅರ್ಧ ಆ ಹೊತ್ತಿನಲ್ಲಿ ಒಂದು ಮೆಟ್ಟಿಲಿನಷ್ಟು ಮೇಲೇಳುತ್ತದೆ. ಯಾರೋ ಭಾರದ ರುಬ್ಬುಗುಂಡನ್ನು ನೆಲಕ್ಕೆ ಇಳಿಸಿದಂಥ ಸದ್ದಾಗುತ್ತದೆ, ಗೂಡಿನಲ್ಲಿಟ್ಟ ಲೋಟಗಳು ಗಲಗಲ ಎನ್ನುತ್ತವೆ, ಅಷ್ಟೆ. ಆಮೇಲೆ ಹೆಂಗಸರು ಹಾಲಿಡುತ್ತಾರೆ. ನಾನು ಉಳಿ, ಸುತ್ತಿಗೆ, ಹಾರೆ ಹೊತ್ತು ಮೇಲೆದ್ದ ನೆಲದ ಗೋಡೆಯ ಬುಡಕ್ಕೆ ಹೋಗುತ್ತಿದ್ದೆ. ಹೊಸ ಮೆಟ್ಟಿಲು ಹಾಕುವುದು ನನ್ನ ಕೆಲಸವಾಗಿತ್ತು. ನನಗಿಂತ ಮೊದಲು ಅದು ಅಪ್ಪನ ಕೆಲಸ.

ಇದು ಶುರುವಾದಾಗ ನನಗೆ ಒಂಬತ್ತು ವರ್ಷ. ಪೇಟೆ ಬೀದಿ ಉದ್ದಕ್ಕೂ ಸೀಳಿ, ಎದುರು ಸಾಲಿನ ಮನೆಗಳು ಹೊಸ್ತಿಲಿನಷ್ಟು ಎತ್ತರಕ್ಕೆ ಹೋದವು. ಆ ಎದುರು ಸಾಲಿನಲ್ಲೇ ನನ್ನ ಅಕ್ಕ ಈರಮ್ಮನ ಗಂಡನ ಮನೆಯಿತ್ತು. ಮಗಳು ಕಣ್ಣೆದುರಿಗೇ ಇರಲಿ ಎಂದು ಅಪ್ಪ ಅವಳನ್ನು ಬೀದಿಯಾಚೆಗೆ ಕೊಟ್ಟಿದ್ದ. ಅಪ್ಪ ಕಲ್ಲು ಕೆಲಸದವನು. ಮಗಳು ಎಡವಬಾರದೆಂದು ಮನೆಯ ಹಿತ್ತಿಲಿನಿಂದ ಒಂದು ಚಪ್ಪಡಿ ತಂದು ಬೀದಿಯ ನಡುವೆ ಹಾಕಿದ. ಮೂರು ತಿಂಗಳಿಗೆ ಇನ್ನೊಂದು ಬೇಕಾಯಿತು. ಪುರಸಭೆಯವರು ಬಂದು ನೋಡಿ, ಹೇಗೂ ನೀನೇ ಹಾಕುತ್ತಿದ್ದೀಯಲ್ಲ, ಮುಂದುವರಿಸು ಎಂದರು. ಅಪ್ಪ ಹದಿನೈದು ವರ್ಷ ಮುಂದುವರಿಸಿ ತೀರಿಕೊಂಡ. ಉಳಿದದ್ದು ನನ್ನ ಪಾಲಿಗೆ ಬಂತು.

ಮೇಲೇಳುವುದು ಆಚೆಯ ನೆಲವಾದ್ದರಿಂದ ಹೊಸ ಮೆಟ್ಟಿಲು ಯಾವಾಗಲೂ ಬುಡದಲ್ಲೇ ಬರುತ್ತದೆ. ಹಳೆಯವು ನೆಲದ ಜೊತೆ ಮೇಲೆ ಹೋಗುತ್ತವೆ. ಹಾಗಾಗಿ ಐವತ್ತೊಂದು ವರ್ಷ, ಮೊದಲು ಅಪ್ಪ, ಆಮೇಲೆ ನಾನು, ಅದೇ ಜಾಗದಲ್ಲಿ, ಅದೇ ಹುಣಸೆ ಮರದ ನೆರಳಲ್ಲಿ ಕೂತು ಕಲ್ಲು ಕೂರಿಸಿದೆವು. ಬದಲಾದದ್ದು ನನ್ನ ಮೊಣಕಾಲು, ಮತ್ತೆ ಎದುರಿನ ಗೋಡೆ. ಮೊದಲ ನಾಲ್ಕು ವರ್ಷ ಅಲ್ಲಿ ಬರೀ ಕೆಮ್ಮಣ್ಣು ಕಂಡಿತು. ಆಮೇಲೆ ಮೂರು ವರ್ಷ ಉರುಟು ಉರುಟಾದ ಹೊಳೆಗಲ್ಲು. ಆಮೇಲೆ ಕರಿಕಲ್ಲು ಬಂತು. ಹತ್ತೊಂಬತ್ತು ವರ್ಷ ಅದು ಮುಗಿಯಲೇ ಇಲ್ಲ. ಅಪ್ಪನ ಉಳಿಗಳೆಲ್ಲ ಅದರಲ್ಲೇ ಸವೆದವು, ಅಪ್ಪನೂ ಸವೆದ. ಕರಿಕಲ್ಲು ಮುಗಿದ ಮೇಲೆ ಎರಡು ವರ್ಷ ಬೂದಿ, ಊದಿದರೆ ಹಾರುವಂಥದು. ಅದಾದ ಮೇಲೆ ಇಪ್ಪತ್ತು ವರ್ಷ ಬಿಳಿ ಸುಣ್ಣಕಲ್ಲು, ಅದರ ತುಂಬ ಕಪ್ಪೆಚಿಪ್ಪು. ಕಡಲನ್ನು ಕಂಡವರು ನಮ್ಮೂರಲ್ಲಿ ಒಬ್ಬರೂ ಇಲ್ಲ. ಆದರೂ ಎಲ್ಲರ ಮನೆಯ ಗೋಡೆಗೆ ಆ ಚಿಪ್ಪಿನ ಸುಣ್ಣವೇ ಬಳಿದಿದೆ.

ಇವೆಲ್ಲ ಏನೆಂದು ನನಗೆ ಹೇಳಿಕೊಟ್ಟವರು ಶಾಲೆಯ ಜೈನಾಬಿ ಟೀಚರ್. ಪ್ರತಿ ಮೆಟ್ಟಿಲಿಗೂ ಒಂದು ಚೂರು ಕಲ್ಲು ತೆಗೆದುಕೊಂಡು ಹೋಗಿ ಶಾಲೆಯ ಬೀರುವಿನಲ್ಲಿ ಸಾಲಾಗಿ ಇಡುತ್ತಿದ್ದರು. "ಕೆಳಗೆ ಹೋದಷ್ಟೂ ಹಳೇದು, ಹೊನ್ನೂರಪ್ಪಣ್ಣ," ಎನ್ನುತ್ತಿದ್ದರು. ಮೊದಲು ಇಲ್ಲಿ ಕಡಲಿತ್ತು. ಕಡಲು ಒಣಗಿತು. ಎಲ್ಲೋ ನೆಲ ಬಿರಿದು ಬೂದಿ ಸುರಿಯಿತು. ಬೂದಿಯ ಹಿಂದೆಯೇ ಕಲ್ಲು ಕರಗಿ ಗಂಜಿಯ ಹಾಗೆ ಹರಿದು ಬಂದು ಹೆಪ್ಪುಗಟ್ಟಿತು. ಅದರ ಮೇಲೆ ಒಂದು ಹೊಳೆ ಎಷ್ಟೋ ಕಾಲ ಹರಿಯಿತು. ಹೊಳೆ ಹೋದ ಮೇಲೆ ಮಣ್ಣು ಕೂತು, ಮಣ್ಣಿನ ಮೇಲೆ ನಾವು ಕೂತೆವು. ಟೀಚರ್ ಇದನ್ನು ಹೇಳುವಾಗ ಅವರ ಮುಖ ಅರಳುತ್ತಿತ್ತು. ನನಗೆ ಮಾತ್ರ ಕೇಳುತ್ತ ಕೇಳುತ್ತ ಮೈಯೆಲ್ಲ ಆಯಾಸವಾಗುತ್ತಿತ್ತು. ಬೆಟ್ಟವೊಂದು ಇಷ್ಟು ಸಲ ಮುಳುಗಿ, ಸುಟ್ಟು, ಕೊಚ್ಚಿಹೋಗಿ, ಮತ್ತೆ ಎದ್ದು ನಿಲ್ಲುವುದೆಂದರೆ ಅದಕ್ಕೆಷ್ಟು ದಣಿವಾಗಿರಬೇಕು ಎನಿಸುತ್ತಿತ್ತು.

ಮೂರು ವರ್ಷದ ಹಿಂದೆ ಸುಣ್ಣಕಲ್ಲು ಮುಗಿದು ನೀಲಿ ಜೇಡಿಮಣ್ಣು ಕಾಣಿಸಿಕೊಂಡಿತು. ಉಳಿ ಬೇಡ, ಬೆರಳು ಒತ್ತಿದರೆ ಇಳಿಯುತ್ತದೆ. ಟೀಚರ್ ಒಂದು ಉಂಡೆ ಮಾಡಿ ಕೈಯಲ್ಲಿ ತಿರುಗಿಸಿ ನೋಡಿದರು. ಈ ಸಲ ಅವರ ಮುಖ ಅರಳಲಿಲ್ಲ.

"ಇದು ಕಡಲಿನ ತಳದ ಕೆಸರು," ಎಂದರು. "ಮೇಲಿನ ಸುಣ್ಣಕಲ್ಲಿನಲ್ಲಿ ಮಳೆನೀರು ಇಳಿದು ಬರ್ತದೆ. ಇಲ್ಲಿಗೆ ಬಂದು ನಿಲ್ತದೆ, ಇದರೊಳಗೆ ಇಳಿಯೋಕಾಗಲ್ಲ. ಪದರ ಬೇರೆ ನಮ್ಮ ಕಡೆಗೇ ವಾಲಿದೆ, ನೋಡಿ. ಸಾಬೂನು ಹಚ್ಚಿದ ಬಂಡೆ ಮೇಲೆ ಮಣೆ ಇಟ್ಟ ಹಾಗೆ. ಇದು ಇನ್ನಷ್ಟು ಹೊರಗೆ ಬಂದರೆ ಮೇಲಿರೋದೆಲ್ಲ ಜಾರ್ತದೆ."

"ಯಾವಾಗ?" ಎಂದೆ.

"ಅದನ್ನ ಹೇಳೋಕೆ ನನಗೆ ಬರಲ್ಲ. ಪುರಸಭೆಗೆ ನೀವು ಹೇಳಬೇಕು. ನಿಮ್ಮ ಮಾತು ಕೇಳ್ತಾರೆ."

ನಾನು ಹೇಳಲಿಲ್ಲ. ಇದನ್ನೂ ಬರೆಯಬೇಕು. ಹತ್ತಿರ ಹತ್ತಿರ ಮೂರು ವರ್ಷ ಯಾರಿಗೂ ಹೇಳಲಿಲ್ಲ. ಆ ಮೆಟ್ಟಿಲುಗಳನ್ನು ಬಿಟ್ಟರೆ ನನ್ನ ಬದುಕಿನಲ್ಲಿ ತೋರಿಸುವಂಥದು ಬೇರೇನಿರಲಿಲ್ಲ. ಅದೆಲ್ಲ ಒಂದು ದಿನ ಜಾರಿಹೋಗುತ್ತದೆ ಎಂದು ನಾನೇ ಹೋಗಿ ಹೇಳುವಷ್ಟು ಕಸುವು ನನ್ನಲ್ಲಿರಲಿಲ್ಲ. ಮೂರು ತಿಂಗಳಿಗೊಂದರಂತೆ ಜೇಡಿಯ ಮೇಲೆ ಕಲ್ಲು ಕೂರಿಸುತ್ತ ಹೋದೆ. ಕೂರಿಸಿದ ಕಲ್ಲು ವಾರದೊಳಗೆ ಬೆರಳಿನಷ್ಟು ಮುಂದೆ ಬಂದಿರುತ್ತಿತ್ತು. ಹಾರೆ ಹಾಕಿ ಹಿಂದಕ್ಕೆ ತಳ್ಳುತ್ತಿದ್ದೆ.

ಈ ವರ್ಷ ಮಳೆ ಮುಗಿಯುವ ಹೊತ್ತಿಗೆ ಗೋಡೆಯ ಬುಡದಲ್ಲಿ ಏಳು ಕಡೆ ನೀರು ಚಿಮ್ಮತೊಡಗಿತು. ಕೆಳಗಿನ ಪೇಟೆಯವರಿಗೆ ಹಬ್ಬವಾಯಿತು. ಕೆರೆಗೆ ಹೋಗುವುದು ತಪ್ಪಿತೆಂದು ಹೆಂಗಸರು ಆ ಜಾಗಕ್ಕೆ ಅರಿಸಿನ ಕುಂಕುಮ ಹಚ್ಚಿದರು. ಪುರಸಭೆಯ ಅಧ್ಯಕ್ಷ ಚನ್ನವೀರಯ್ಯನವರು ಬಂದು ಪೈಪು ಹಾಕಿಸಿ ನಲ್ಲಿ ಕೂರಿಸಿದರು. ಆ ದಿನ ನಾನು ಟೀಚರನ್ನು ಕರೆದುಕೊಂಡು ಪುರಸಭೆಗೆ ಹೋದೆ. ಟೀಚರ್ ಬೀರುವಿನ ಕಲ್ಲುಗಳನ್ನು ಮೇಜಿನ ಮೇಲೆ ಒಂದೊಂದಾಗಿ ಇಟ್ಟು ತೋರಿಸಿದರು. ಅಧ್ಯಕ್ಷರು ಒಳ್ಳೆಯ ಮನುಷ್ಯ, ಪೂರ್ತಿ ಕೇಳಿಸಿಕೊಂಡರು.

"ಐವತ್ತು ವರ್ಷದಿಂದ ಏಳ್ತಾ ಐತೆ, ಒಂದು ಹೆಂಚು ಬಿದ್ದಿಲ್ಲ," ಎಂದರು. "ಈಗ ಮೇಲಿನ ನಲವತ್ತು ಮನೆ, ಕೆಳಗಿನ ಇಪ್ಪತ್ತು ಮನೆ ಎಬ್ಬಿಸು ಅಂದ್ರೆ ಯಾರು ಏಳ್ತಾರೆ, ಹೊನ್ನೂರಪ್ಪ? ನೀನೇ ಹೇಳು. ನಿಂಗೂ ವಯಸ್ಸಾಯ್ತು. ಕೆಲಸಕ್ಕೆ ಬೇರೆಯವರನ್ನ ನೋಡೋಣ, ಆಯ್ತಾ?"

ಮಾರನೆಯ ದಿನ ನಾನು ಅಕ್ಕನ ಮನೆಗೆ ಹತ್ತಿದೆ. ಇನ್ನೂರ ನಾಲ್ಕು ಮೆಟ್ಟಿಲು. ಹಿಂದೆ ರೊಟ್ಟಿಯ ಬಿಸಿ ಆರುವುದರೊಳಗೆ ಅಕ್ಕ ದಾಟಿ ಬರುತ್ತಿದ್ದ ಬೀದಿಯಾಚೆಗೆ ಹೋಗಲು ನನಗೆ ಈಗ ಅರ್ಧ ಬೆಳಗು ಬೇಕು. ಕರಿಕಲ್ಲಿನ ಪಟ್ಟಿಯಲ್ಲಿ ಎರಡು ಸಲ ಕೂತೆ. ಅಕ್ಕನಿಗೆ ಅರವತ್ತೊಂಬತ್ತು. ಭಾವ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಮೇಲಿನ ಪೇಟೆಗೆ ಇರುವ ಒಂದೇ ಹಿಟ್ಟಿನ ಗಿರಣಿ ಅವಳದು. ಮೆಟ್ಟಿಲು ಮೂವತ್ತಿದ್ದಾಗ ಹನ್ನೆರಡು ಜನ ಸೇರಿ ಎಂಜಿನ್ ಹೊತ್ತು ಹತ್ತಿಸಿದ್ದರು. ನಾನು ಹೋದಾಗ ಅವಳು ಹುಬ್ಬಿನವರೆಗೂ ಹಿಟ್ಟಾಗಿ ಜೋಳ ಸುರಿಯುತ್ತಿದ್ದಳು. ಬೆಲ್ಟು ಬಿಚ್ಚಿ, ಗಿರಣಿ ನಿಂತ ಮೇಲೆ ಮಾತಾಡಿಸಿದಳು.

"ವಾರದ ನಡುವೆ ಬಂದೀಯ ಅಂದ್ರೆ ಯಾರೋ ಸತ್ತಿರಬೇಕು."

"ಸತ್ತಿಲ್ಲ, ಅಕ್ಕ," ಎಂದು ಎಲ್ಲವನ್ನೂ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೇಳಿದಳು.

"ನಿಂಗೆ ಯಾವಾಗಿಂದ ಗೊತ್ತು?"

ಸುಳ್ಳು ಹೇಳಬಹುದಿತ್ತು. "ಮೂರು ವರ್ಷ ಆಯ್ತು," ಎಂದೆ.

ಅವಳು ಬಯ್ಯಲಿಲ್ಲ. ಬಿಚ್ಚಿದ ಬೆಲ್ಟನ್ನು ಕೈಗೆ ಸುತ್ತಿಕೊಂಡಳು. ಆಮೇಲೆ, "ಹೆದರಿಸಿದ್ರೆ ಇವರು ಏಳಲ್ಲ," ಎಂದಳು. "ನಾನೂ ಇಲ್ಲೇ ಐವತ್ತು ವರ್ಷ ಕಂಡೀನಿ. ಪ್ರತಿ ಸಲ ಪಾತ್ರೆ ಗಲಗಲ ಅಂದಾಗ ಹೆದರ್ತಾರೆ, ಹಾಲು ಕಾಯೋದರೊಳಗೆ ಮರೀತಾರೆ. ಹೆದರಿಕೆ ಇವರಿಗೆ ಅಭ್ಯಾಸ ಆಗೈತೆ. ಮೊಣಕಾಲು ನೋವು ಮಾತ್ರ ಯಾರಿಗೂ ಅಭ್ಯಾಸ ಆಗಿಲ್ಲ."

"ಅಂದ್ರೆ?"

"ಅಂದ್ರೆ ಗಿರಣಿ ನಿಲ್ಲಿಸ್ತೀನಿ."

ಆ ಮಧ್ಯಾಹ್ನವೇ ಬೆಲ್ಟನ್ನು ಕತ್ತಿಯಿಂದ ತುಂಡು ಮಾಡಿ ಒಲೆಗೆ ಹಾಕಿದಳು. ರಬ್ಬರಿನ ಹೊಗೆ ಮೇಲಿನ ಪೇಟೆಯೆಲ್ಲ ಹರಡಿತು. ನಾನು ಇಳಿಯುವಾಗ ಜನ ಏನಾಯಿತೆಂದು ಹೊರಗೆ ಬಂದು ನಿಂತಿದ್ದರು. ಅವರಿಗೆಲ್ಲ ಅವಳು ಒಂದೇ ಮಾತು ಹೇಳಿದಳು: ಬೆಟ್ಟ ಜಾರುತ್ತದಂತೆ, ನನ್ನ ತಮ್ಮ ಹೇಳಿದ್ದಾನೆ, ಇನ್ನು ಇಲ್ಲಿ ಹಿಟ್ಟು ಆಗುವುದಿಲ್ಲ, ಕೆಳಗೆ ಹೋಗಿ. ಜಾರುವ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಟ್ಟಿನ ಮಾತು ಮಾತ್ರ ಎಲ್ಲರಿಗೂ ಕೇಳಿಸಿತು.

ಮರುದಿನದಿಂದ ಮೆಟ್ಟಿಲ ಮೇಲೆ ಸಾಲು ಶುರುವಾಯಿತು. ತಲೆಯ ಮೇಲೆ ಜೋಳದ ಚೀಲ ಹೊತ್ತು ಇಳಿಯುವುದು, ಕೆಳಗಿನ ಗಿರಣಿಯಲ್ಲಿ ಕಾಯುವುದು, ಹಿಟ್ಟು ಹೊತ್ತು ಹತ್ತುವುದು. ನಾನು ಬುಡದಲ್ಲಿ ಕೂತು ಎಲ್ಲರನ್ನೂ ನೋಡುತ್ತಿದ್ದೆ. ಮೊದಲ ವಾರ ಬಯ್ಯುತ್ತ ಹತ್ತಿದರು. ಎರಡನೆಯ ವಾರ ಬಯ್ಯಲು ಉಸಿರಿರಲಿಲ್ಲ. ಎಲ್ಲರಿಗಿಂತ ಜೋರಾಗಿ ಬಯ್ದವನು ಮೇಕೆ ಸಾಕುವ ಕೊಟ್ರಯ್ಯ. "ಮುದುಕಿಗೆ ಸೊಕ್ಕು. ಗಿರಣಿ ಅವಳದಾದ್ರೆ ಹೊಟ್ಟೆ ನಮ್ದಲ್ವ?" ಎಂದು ಅಕ್ಕನ ಬಾಗಿಲಲ್ಲಿ ನಿಂತು ಕೂಗಿದನಂತೆ. ಯಾರೋ ಅವಳ ಕಿಟಕಿಗೆ ಕಲ್ಲು ಹೊಡೆದರು. ನೀರು ಹಿಡಿಯುವ ಹೊಂಡದ ಹತ್ತಿರ ಹೆಂಗಸರು ಅವಳು ಬಂದರೆ ಎದ್ದು ಹೋಗುತ್ತಿದ್ದರು. ಇದನ್ನೆಲ್ಲ ನನಗೆ ಹೇಳಿದವಳು ಕೊಟ್ರಯ್ಯನ ಹೆಂಡತಿ ಸಿದ್ದಮ್ಮ. ಮೆಟ್ಟಿಲ ಬುಡದಲ್ಲಿ ಚೀಲ ಇಳಿಸಿ ಸುಧಾರಿಸಿಕೊಳ್ಳುತ್ತ, "ನಿಮ್ಮಕ್ಕ ನಂಗೆ ಹೆರಿಗೆ ಮಾಡ್ಸಿದವಳು, ಅವಳ ಜೊತೆ ಮಾತಾಡಬ್ಯಾಡ ಅಂತಾನೆ ಇವ್ನು," ಎಂದು ಕಣ್ಣೊರೆಸಿಕೊಂಡಳು.

ಮೂರನೆಯ ವಾರ ಮೊದಲ ಸಂಸಾರ ಕೆಳಗಿಳಿಯಿತು. ಸೊಸೆ ಬಸುರಿ, ಹತ್ತಿಳಿಯಲು ಆಗುವುದಿಲ್ಲ, ಒಂದೆರಡು ತಿಂಗಳು ಕೆಳಗಿರುತ್ತೇವೆ ಎಂದರು. ಆಮೇಲೆ ಇನ್ನೊಂದು ಮನೆ. ಅತ್ತೆಗೆ ಸೊಂಟ ಹಿಡಿದಿತ್ತು. ಆಮೇಲೆ ದಿನಕ್ಕೊಂದು. ಯಾರೂ ಬೆಟ್ಟ ಜಾರುತ್ತದೆ ಎಂದು ಇಳಿಯಲಿಲ್ಲ, ಸಾಕಾಗಿ ಇಳಿದರು. ಅವರೆಲ್ಲ ಕೆಳಗಿನ ಪೇಟೆಯ ಜಗಲಿಗಳಲ್ಲಿ ತುಂಬಿಕೊಂಡರೆ ಪ್ರಯೋಜನವಿರಲಿಲ್ಲ, ಗೋಡೆ ಬಿದ್ದರೆ ಅದೂ ಹೋಗುತ್ತದೆ. ಅದಕ್ಕೇ ನಾನು ನನ್ನ ಮನೆ ಖಾಲಿ ಮಾಡಿದೆ. ಹೆಂಡತಿ ಮೊದಲು ಅತ್ತಳು, ಆಮೇಲೆ ಹಾಸಿಗೆ ಸುತ್ತಿದಳು. ಕೆರೆಯ ಏರಿಯಾಚೆ, ಶಾಲೆಯ ಹಿಂದಿನ ಬಯಲಿನಲ್ಲಿ ಗುಡಿಸಲು ಹಾಕಿದೆವು. ಹಗಲು ಹೊತ್ತಿನಲ್ಲೇ, ಎಲ್ಲರೂ ನೋಡುವಂತೆ ಸಾಮಾನು ಸಾಗಿಸಿದೆ. "ಮೆಟ್ಟಿಲಿನವನೇ ಹೋದ," ಎಂದು ಜನ ಗುಸುಗುಸು ಮಾಡಿದರು. ಟೀಚರ್ ಶಾಲೆಯ ಬಾಗಿಲು ತೆರೆದಿಟ್ಟರು. ಅಷ್ಟರಲ್ಲಿ ನಲ್ಲಿಗಳಲ್ಲಿ ನೀರು ನೀಲಿಯಾಗಿ, ಕೆಸರಾಗಿ ಬರತೊಡಗಿತ್ತು. ಅರಿಸಿನ ಹಚ್ಚಿದವರೇ ಮೂಗು ಮುಚ್ಚಿಕೊಂಡು ದೂರ ಸರಿದರು. ಹತ್ತಿರದ ಇಪ್ಪತ್ತು ಮನೆಗಳೂ ಒಂದೊಂದಾಗಿ ಬೀಗ ಹಾಕಿದವು. ಕೊನೆಗೆ ಅಧ್ಯಕ್ಷರೂ ಸಾಮಾನು ಸಾಗಿಸಲು ಒಂದು ಲಾರಿ ಕಳಿಸಿಕೊಟ್ಟರು.

ಹುಣ್ಣಿಮೆ ಬಂತು. ಬುಡದ ಮೆಟ್ಟಿಲು ಒಂದು ಗೇಣು ಹೊರಗೆ ಬಂದಿತ್ತು. ಹಾರೆಗೆ ಅದು ಬಗ್ಗಲಿಲ್ಲ. "ನಾಳೆ ಏರಿದರೆ ತಡೆಯಲ್ಲ," ಎಂದರು ಟೀಚರ್. ಮೇಲೆ ಉಳಿದಿದ್ದವಳು ಅಕ್ಕ ಒಬ್ಬಳೇ. ಕೊನೆಯ ಮನೆ ಇಳಿಯುವ ತನಕ ತಾನು ಇಳಿಯುವುದಿಲ್ಲ ಎಂದು ಹಠ ಹಿಡಿದಿದ್ದಳು. ತಾನು ಮೊದಲೇ ಹೋದರೆ ಯಾರಾದರೂ ಬೆಲ್ಟು ತಂದು ಗಿರಣಿ ಶುರು ಮಾಡುತ್ತಾರೆಂಬ ಅನುಮಾನ ಅವಳಿಗೆ. ಆ ಕೊನೆಯ ಮನೆ ಅಂದು ಬೆಳಿಗ್ಗೆ ಇಳಿಯಿತು. ಮಧ್ಯಾಹ್ನವೇ ನಾನು ಹತ್ತಿ ಹೋದೆ, ಮೇಲೆ ಮುಟ್ಟುವಷ್ಟರಲ್ಲಿ ಕತ್ತಲಾಗಿ ಅವಳ ಮನೆಯಲ್ಲೇ ಉಳಿದೆ. ಬೆಳಕು ಹರಿಯುತ್ತಿದ್ದಂತೆ ಇಬ್ಬರೂ ಹೊರಟೆವು.

ಅಪ್ಪನ ಮೆಟ್ಟಿಲುಗಳು ಮೊದಲು ಬಂದವು. ಕೆಮ್ಮಣ್ಣಿನವು ಹದಿನಾರು, ಹೊಳೆಗಲ್ಲಿನವು ಹನ್ನೆರಡು. ಅಕ್ಕ ಗೋಡೆ ಹಿಡಿದು, ಎರಡೂ ಕಾಲನ್ನು ಒಂದೇ ಮೆಟ್ಟಿಲಿಗೆ ತಂದು, ಆಮೇಲೆ ಮುಂದಿನದಕ್ಕೆ ಇಳಿಯುತ್ತಿದ್ದಳು. ಐದು ವರ್ಷದಿಂದ ಅವಳು ಕೆಳಗೆ ಬಂದಿರಲಿಲ್ಲ. ಕರಿಕಲ್ಲಿನ ನಡುವೆ ನಿಂತು, "ಇಲ್ಲಿಂದ ನಿಂದು, ಅಲ್ವ?" ಎಂದಳು. ಅಪ್ಪ ಹಾಕಿದ ಕೊನೆಯ, ಅರವತ್ತನೆಯ ಮೆಟ್ಟಿಲು ಅದು. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಅಪ್ಪ ಅಂಚು ಮಟ್ಟ ಮಾಡ್ತಿದ್ದ. ನೀನು ಹಂಗೇ ಬಿಟ್ಟೀಯ," ಎಂದಳು. ಇನ್ನೊಂದು ದಿನವಾಗಿದ್ದರೆ ಜಗಳವಾಡುತ್ತಿದ್ದೆ.

ಸುಣ್ಣಕಲ್ಲಿನ ಹತ್ತಿರ ಬರುವ ಹೊತ್ತಿಗೆ ಕೆಳಗಿನಿಂದ ಒಬ್ಬ ಹತ್ತಿ ಬರುವುದು ಕಾಣಿಸಿತು. ಕೊಟ್ರಯ್ಯ. ಅವನ ಕೈಯಲ್ಲಿ ಹಗ್ಗವಿತ್ತು.

"ಎಲ್ಲಿಗೋ?" ಎಂದಳು ಅಕ್ಕ.

"ಕರೀ ಮೇಕೆ ಬಂದಿಲ್ಲ. ಬಂಡೆ ಸಂದೀಲಿ ಮರಿ ಹಾಕೈತೆ. ಕಟ್ಟಿ ಹೊತ್ಕೊಂಡು ಬರ್ತೀನಿ."

"ಇವತ್ತು ಏರೋ ದಿನ ಕಣೋ. ಈಗ್ಲೋ ಆಗ್ಲೋ ಅಂತೈತೆ. ತಿರುಗು."

"ಐವತ್ತು ವರ್ಷದಿಂದ ಏರೋ ದಿನ ಬರ್ತಾನೇ ಐತೆ."

ಅಕ್ಕ ಅವನ ತೋಳು ಹಿಡಿದುಕೊಂಡಳು. ಅವನು ಒರಟಾಗಿ ಕೊಡವಿದ. ಅವಳು ಬೀಳುವುದರಲ್ಲಿದ್ದಳು, ನಾನು ಹಿಡಿದೆ. ಅದನ್ನು ನೋಡಿ ಅವನಿಗೂ ಕಸಿವಿಸಿಯಾಯಿತು. "ನಿನ್ನ ಮಾತಿಗೆ ಮನೆ ಬಿಟ್ಟೀನಲ್ಲವ್ವ," ಎಂದ, ಸ್ವಲ್ಪ ಮೆತ್ತಗೆ. "ಮೇಕೆನೂ ಬಿಡು ಅಂತೀಯಾ? ಒಂದು ಗಳಿಗೆ, ಬಂದುಬಿಡ್ತೀನಿ." ನಮ್ಮನ್ನು ದಾಟಿ ಹತ್ತಿದ. ಅವನ ಕಾಲು ಬಲು ಚುರುಕು. ನಾನು ಅವನ ಹಿಂದೆ ಹೋಗಿ ಎಳೆದುಕೊಂಡು ಬರಬಹುದಿತ್ತೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎರಡು ಮೆಟ್ಟಿಲು ಹತ್ತಿದೆ. ಮೊಣಕಾಲು ಮೂರನೆಯದಕ್ಕೆ ಏಳಲಿಲ್ಲ. "ಕೊಟ್ರಯ್ಯಾ" ಎಂದು ಕೂಗಿದೆ. ಅವನು ತಿರುಗದೆ ಕೈ ಬೀಸಿದ. ಅಕ್ಕನ ಕೈ ಹಿಡಿದು ಕೆಳಗಿಳಿದೆ.

ನೀಲಿ ಜೇಡಿಯ ಹನ್ನೆರಡು ಮೆಟ್ಟಿಲುಗಳನ್ನು ಕೂತು ಕೂತೇ ಜಾರಿ ಇಳಿದೆವು. ಖಾಲಿ ಪೇಟೆ ದಾಟಿ ಕೆರೆಯ ಏರಿ ಹತ್ತಿದಾಗ ಬಿಸಿಲು ಬಂದಿತ್ತು. ಊರೆಲ್ಲ ಏರಿಯ ಮೇಲೆ ನಿಂತಿತ್ತು. ಸಿದ್ದಮ್ಮ ನಮ್ಮ ಹಿಂದೆ ನೋಡಿ, "ಇವ್ನು ಸಿಗಲಿಲ್ವ?" ಎಂದಳು. ಅಕ್ಕ ಬಾಯಿ ತೆರೆಯುವುದರೊಳಗೆ ಆ ರುಬ್ಬುಗುಂಡಿನ ಸದ್ದು ಕೇಳಿಸಿತು. ಪ್ರತಿ ಸಲ ಅದು ಒಮ್ಮೆ ಆಗಿ ನಿಲ್ಲುತ್ತದೆ. ಈ ಸಲ ನಿಲ್ಲಲಿಲ್ಲ.

ಗೋಡೆ ಬೀಳುತ್ತದೆ ಎಂದುಕೊಂಡಿದ್ದೆ. ಅದು ಬೀಳಲಿಲ್ಲ, ನಡೆದು ಬಂತು. ಮೇಲಿನ ಪೇಟೆ ಮನೆಗಳ ಸಮೇತ, ಬೇವಿನ ಮರಗಳ ಸಮೇತ, ನೆಟ್ಟಗೆ ನಿಂತುಕೊಂಡೇ ನಮ್ಮ ಕಡೆಗೆ ಜರುಗಿತು. ನಡುವೆ ಎಲ್ಲೋ ಸೊಂಟ ಮುರಿದವರಂತೆ ಕುಸಿಯಿತು. ಬಿಳಿ ಧೂಳು ಎದ್ದು, ಅದರ ಮೇಲೆ ಬೂದಿ ಎದ್ದು, ಆಮೇಲೆ ಏನೂ ಕಾಣಲಿಲ್ಲ. ಧೂಳು ಇಳಿಯುವ ಹೊತ್ತಿಗೆ ಪೇಟೆ ಬೀದಿ ಇರಲಿಲ್ಲ, ನನ್ನ ಮನೆ ಇರಲಿಲ್ಲ, ಹುಣಸೆ ಮರ ಇರಲಿಲ್ಲ. ಕೆಮ್ಮಣ್ಣು, ಹೊಳೆಗಲ್ಲು, ಕರಿಕಲ್ಲು, ಚಿಪ್ಪು ಎಲ್ಲ ಕಲೆಸಿಕೊಂಡು ಉದ್ದನೆಯ ಒಂದು ಇಳಿಜಾರು ಕೆರೆಯ ಏರಿಯ ಬುಡಕ್ಕೆ ಬಂದು ನಿಂತಿತ್ತು. ಸಿದ್ದಮ್ಮ ಏರಿಯ ಮೇಲೆ ಕೂತಳು. ಅವಳು ಅಳಲಿಲ್ಲ. ಅಕ್ಕನ ಕಡೆ ತಿರುಗಿ, "ಗಿರಣಿ ನಿಲ್ಲಿಸಿದ್ಯಲ್ಲ, ಅವನನ್ನೂ ನಿಲ್ಲಿಸಬೇಕಿತ್ತು," ಎಂದಳು.

ಹನ್ನೊಂದು ದಿನ ಅಗೆದೆವು. ಕೊಟ್ರಯ್ಯ ಸಿಗಲಿಲ್ಲ. ಊರಿನಲ್ಲಿ ಹೋದದ್ದು ಅವನೊಬ್ಬನೇ. ಅರವತ್ತು ಮನೆಯಲ್ಲಿ ಒಬ್ಬನೇ ಎಂದು ಅಧ್ಯಕ್ಷರು ನನ್ನ ಕೈ ಹಿಡಿದುಕೊಂಡು ಏನೇನೋ ಹೇಳಿದರು. ನನಗೆ ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ. ಮೂರು ವರ್ಷದ ಹಿಂದೆಯೇ ಬಾಯಿಬಿಟ್ಟಿದ್ದರೆ ಮೇಕೆಗಳನ್ನೂ ನಿಧಾನವಾಗಿ ಇಳಿಸಬಹುದಿತ್ತು. ಬೆಟ್ಟ ಈಗಲೂ ಏರುತ್ತದೆ. ಆದರೆ ಇಳಿಜಾರಿನಲ್ಲಿ ಒಂದು ಮೆಟ್ಟಿಲಿನಷ್ಟು ಎತ್ತರ ಎಲ್ಲಿ ಸೇರಿಹೋಗುತ್ತದೋ ತಿಳಿಯುವುದಿಲ್ಲ. ಮೇಲಿನ ಹೊಲಗಳಿಗೆ ಜನ ಎತ್ತಿನ ಗಾಡಿಯಲ್ಲೇ ಹೋಗಿಬರುತ್ತಾರೆ. ಹಳೆಯದಕ್ಕಿಂತ ಇದೇ ವಾಸಿ ಎಂದೂ ಹೇಳುತ್ತಾರೆ, ನಾನು ಹತ್ತಿರವಿಲ್ಲದಾಗ.

ಅಕ್ಕ ನಮ್ಮ ಗುಡಿಸಲಿಗೇ ಬಂದಳು. ಮೇಲಿನವರು ಯಾರೂ ಅವಳನ್ನು ಮಾತಾಡಿಸಲಿಲ್ಲ. ಜೀವ ಉಳಿದದ್ದು ಎಲ್ಲರಿಗೂ ಗೊತ್ತಿತ್ತು. ಆದರೂ ಅವಳನ್ನು ಕಂಡರೆ ಕಳೆದುಹೋದ ಮನೆಯ ನೆನಪಾಗುತ್ತಿತ್ತೇನೋ. ಅವಳು ಸುಮ್ಮನೆ ಕೂರುವವಳಲ್ಲ. ಕೆಳಗಿನ ಗಿರಣಿಯೂ ಮಣ್ಣಿನಡಿ ಹೋಗಿತ್ತು, ಪಕ್ಕದ ಊರಿಗೆ ಗಾಡಿ ಹೋಗುವುದು ವಾರಕ್ಕೊಮ್ಮೆ. "ಒಂದು ಬೀಸೋ ಕಲ್ಲು ಮಾಡಿಕೊಡೋ," ಎಂದಳು. ಇಳಿಜಾರಿನಿಂದ ಒಂದು ಕರಿಕಲ್ಲು ಉರುಳಿಸಿಕೊಂಡು ಬಂದು ಕಡಿದೆ. ಅರ್ಧ ದಿನದ ಕೆಲಸ ನಾಲ್ಕು ದಿನ ಹಿಡಿಯಿತು. ಈ ಸಲ ಅಂಚು ಮಟ್ಟ ಮಾಡಿದೆ.

ಅವಳು ಒಬ್ಬಳೇ ಬೀಸುತ್ತಿದ್ದಳು. ದೊಡ್ಡ ಕಲ್ಲು, ಇಬ್ಬರು ಹಿಡಿಯಬೇಕಾದದ್ದು. ನಾಲ್ಕು ಸುತ್ತು ತಿರುಗಿಸಿ ಕೈ ಬಿಡುತ್ತಿದ್ದಳು. ಒಂದು ಬೆಳಿಗ್ಗೆ ಸಿದ್ದಮ್ಮ ಮೊರದಲ್ಲಿ ಎರಡು ಸೇರು ಜೋಳ ಇಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತಳು. ಅಕ್ಕ ತಲೆಯೆತ್ತಿ ನೋಡಿದಳು, ಬಾ ಎನ್ನಲಿಲ್ಲ. ಸಿದ್ದಮ್ಮ ಮೊರ ಇಳಿಸಿ ಎದುರಿಗೆ ಕಾಲು ಚಾಚಿ ಕೂತಳು. ಗೂಟದ ಮೇಲೆ ಅಕ್ಕನ ಕೈಯ ಮೇಲ್ಭಾಗದಲ್ಲಿ ತನ್ನ ಕೈ ಇಟ್ಟಳು. ಅಕ್ಕನ ಮುಖ ಒಮ್ಮೆ ಕುಸಿಯಿತು, ಆಮೇಲೆ ಸರಿಹೋಯಿತು. ಕಲ್ಲು ತಿರುಗತೊಡಗಿತು. ನಾನು ಎದ್ದು ಮೊರದಿಂದ ಒಂದು ಹಿಡಿ ಜೋಳ ತೆಗೆದು ಕಲ್ಲಿನ ಬಾಯಿಗೆ ಹಾಕಿದೆ.